ಸಂಘದ ಪತ್ರ

ಆ ದಿನ ನನ್ನ ಕೈಯಲ್ಲಿ 64 ಔಷಧಿಗಳ ಪಟ್ಟಿ ಇತ್ತು. ಬಿಪಿ ಮಾತ್ರೆ, ಶುಗರ್ ಮಾತ್ರೆ, ಮಕ್ಕಳ ಜ್ವರದ ಸಿರಪ್, ಎರಡು ಬಗೆಯ ಇನ್ಸುಲಿನ್. ಜೇಬಿನಲ್ಲಿ ಹೊಸ ಡ್ರಗ್ ಲೈಸೆನ್ಸಿನ ಜೆರಾಕ್ಸ್ ಇತ್ತು, ದುಡ್ಡೂ ಇತ್ತು. ಸಾಲ ಕೇಳಲು ಹೋಗಿರಲಿಲ್ಲ. ಮಂಡ್ಯದ ಆ ಸ್ಟಾಕಿಸ್ಟ್ (ಔಷಧಿಗಳ ಸಗಟು ವ್ಯಾಪಾರಿ) ಅಂಗಡಿಯ ಹುಡುಗ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದ. ಲೈಸೆನ್ಸ್ ಕೇಳಲೇ ಇಲ್ಲ.

"ಅಣ್ಣ, ಸಂಘದ ಪತ್ರ ತಂದಿದ್ದೀರಾ?"

"ಯಾವ ಪತ್ರ?"

"ಅದೇ ಎನ್‌ಒಸಿ. ಅದಿಲ್ಲದೆ ಹೊಸಬರಿಗೆ ಮಾಲು ಕೊಡಂಗಿಲ್ಲ ಅಣ್ಣ. ನಮ್ ಕೈಲಿಲ್ಲ."

ಎನ್‌ಒಸಿ ಅಂದರೆ, ಹೊಸ ಅಂಗಡಿಗೆ ತಮ್ಮ ಆಕ್ಷೇಪಣೆ ಇಲ್ಲ ಅಂತ ಔಷಧ ವ್ಯಾಪಾರಿಗಳ ಸಂಘ ಬರೆದು ಕೊಡುವ ಪತ್ರ. ಹುಡುಗನ ಆ ಒಂದು ಪ್ರಶ್ನೆ ನನ್ನನ್ನು ದೆಹಲಿಯ ಸ್ಪರ್ಧಾ ಆಯೋಗದವರೆಗೆ, ಅಂದರೆ ವ್ಯಾಪಾರದಲ್ಲಿ ಸ್ಪರ್ಧೆಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಸಂಸ್ಥೆಯವರೆಗೆ, ಎಳೆದುಕೊಂಡು ಹೋಯಿತು. ನಾನು ಕಾನೂನು ಓದಿದವನಲ್ಲ. ಡಿ.ಫಾರ್ಮ ಮುಗಿಸಿ 14 ವರ್ಷ ಬೇರೆಯವರ ಮೆಡಿಕಲ್ ಶಾಪಿನಲ್ಲಿ ಕೌಂಟರ್ ಹಿಂದೆ ನಿಂತವನು. ಹೊಸದಾಗಿ ಅಂಗಡಿ ಇಡುವ ಯಾರಿಗಾದರೂ ಬೇಕಾಗಬಹುದು ಅಂತ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೈಸೆನ್ಸ್ ಪಡೆಯುವುದು ಕಷ್ಟವಾಗಲಿಲ್ಲ. ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ನೋಂದಣಿಯಾದ ಫಾರ್ಮಾಸಿಸ್ಟ್ ಬೇಕು, ಫ್ರಿಜ್ ಬೇಕು. ಫಾರ್ಮಾಸಿಸ್ಟ್ ನಾನೇ. ಗುತ್ತಲು ರಸ್ತೆಯಿಂದ ಒಳಕ್ಕೆ ಹೋಗುವ ಬೀದಿಯಲ್ಲಿ ಒಂದು ಮಳಿಗೆ ಹಿಡಿದಿದ್ದೆ. ಇನ್ಸ್‌ಪೆಕ್ಟರ್ ಬಂದು ಅಳತೆ ಹಾಕಿದರು, ಫ್ರಿಜ್ಜಿನೊಳಗಿನ ಥರ್ಮಾಮೀಟರ್ ನೋಡಿದರು, ನನ್ನ ಸರ್ಟಿಫಿಕೇಟ್ ಪರಿಶೀಲಿಸಿದರು. ಫಾರಂ 20 ಮತ್ತು 21ರಲ್ಲಿ ಲೈಸೆನ್ಸ್ ಕೈಗೆ ಬಂತು. ಸಂಘದ ಪತ್ರ ತಾ ಅಂತ ಸರ್ಕಾರದ ಯಾರೂ ಕೇಳಲಿಲ್ಲ. ಔಷಧ ಕಾನೂನಿನಲ್ಲಿ ಅಂಥ ಪತ್ರದ ಮಾತೇ ಇಲ್ಲ.

ಆ ವಾರ ಐದು ಸ್ಟಾಕಿಸ್ಟ್‌ಗಳ ಹತ್ತಿರ ಹೋದೆ. ಐದೂ ಕಡೆ ಅದೇ ಪ್ರಶ್ನೆ. ಪತ್ರಕ್ಕಾಗಿ ಸಂಘದವರನ್ನು ಕೇಳಿದೆ. ಮೊದಲು ಒಂದು ಮೊತ್ತ ಕಟ್ಟಬೇಕು ಅಂದರು. ಆಮೇಲೆ, ನಿಮ್ಮ ಬೀದಿಯ ತುದಿಯಲ್ಲಿ ಈಗಾಗಲೇ ಒಂದು ಅಂಗಡಿ ಇದೆ, ಅವರು ಒಪ್ಪಬೇಕು ಅಂದರು. ಕೊನೆಗೆ ಒಬ್ಬರು ಮೆಲ್ಲಗೆ ಹೇಳಿದರು: "ಡಿಸ್ಕೌಂಟ್ ಗಿಸ್ಕೌಂಟ್ ಅಂತ ಬೋರ್ಡ್ ಹಾಕ್ಬೇಡಿ. ಅದೊಂದು ಬಿಟ್ರೆ ಎಲ್ಲ ಸರಿ ಹೋಗುತ್ತೆ."

ನಾನು ಬೋರ್ಡ್ ಬರೆಸಿಯಾಗಿತ್ತು. ಪ್ರತಿ ತಿಂಗಳೂ ಔಷಧಿ ಕೊಳ್ಳುವವರಿಗೆ ನೂರಕ್ಕೆ ಹತ್ತು ಕಡಿಮೆ. ಇದಕ್ಕೊಂದು ಕಾರಣವಿದೆ. 14 ವರ್ಷ ಕೌಂಟರ್‌ನಲ್ಲಿ ನಿಂತಾಗ ನಾನು ಅತಿ ಹೆಚ್ಚು ಕೇಳಿದ ಮಾತು, "ಈಗ ಹತ್ತು ದಿನಕ್ಕೆ ಮಾತ್ರ ಕೊಡಿ, ಮಿಕ್ಕಿದ್ದು ಆಮೇಲೆ" ಅನ್ನೋದು. ಹಾಗೆ ಹೇಳಿ ಹೋದವರಲ್ಲಿ ಎಷ್ಟೋ ಜನ ಹನ್ನೊಂದನೇ ದಿನ ಬರುತ್ತಿರಲಿಲ್ಲ. ಬಿಪಿ ಮಾತ್ರೆ ನಿಂತರೆ ಏನಾಗುತ್ತೆ ಅಂತ ನಮಗೆ ಗೊತ್ತು. ಸ್ಟ್ರಿಪ್ಪಿನ ಮೇಲಿರುವ ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ. ಅದಕ್ಕಿಂತ ಜಾಸ್ತಿಗೆ ಮಾರಬಾರದು ಅಷ್ಟೇ. ಕಡಿಮೆಗೆ ಮಾರಬೇಡ ಅಂತ ಯಾವ ಕಾನೂನೂ ಹೇಳುವುದಿಲ್ಲ.

ಪತ್ರ ಸಿಗಲಿಲ್ಲ. ಮೈಸೂರಿಗೆ ಹೋದೆ. ಅಲ್ಲಿ ಒಬ್ಬರು ಎರಡು ವಾರ ಮಾಲು ಕೊಟ್ಟರು. ಇನ್ಸುಲಿನ್ ಬೆಚ್ಚಗಾಗಬಾರದು, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಡಬ್ಬಿಯ ತಳ ಒದ್ದೆಯಾಗಿ ಪ್ಯಾಂಟಿಗೆ ನೀರು ಇಳಿಯುತ್ತಿತ್ತು. ಮೂರನೇ ವಾರ ಅವರೂ ಕೈ ಎತ್ತಿಬಿಟ್ಟರು. "ಮೇಲಿಂದ ಫೋನ್ ಬಂತು. ನಿಮಗೆ ಕೊಟ್ರೆ ನನಗೆ ಬರೋದು ನಿಲ್ಲುತ್ತೆ. ತಪ್ಪು ತಿಳ್ಕೋಬೇಡಿ."

ನಿಜಕ್ಕೂ ನಾನು ತಪ್ಪು ತಿಳಿಯಲಿಲ್ಲ. ಆ ಮನುಷ್ಯನ ಮುಖದಲ್ಲಿ ನಾಚಿಕೆ ಕಂಡೆ.

ಅದೇ ವಾರ ನಮ್ಮ ಹಿಂದಿನ ಬೀದಿಯ ಅಜ್ಜಿ ಇನ್ಸುಲಿನ್ ಕೇಳಿಕೊಂಡು ಬಂದರು. ಫ್ರಿಜ್ ತೆಗೆದೆ. ದೀಪ ಹತ್ತಿತು. ಒಳಗೆ ಥರ್ಮಾಮೀಟರ್ ಮತ್ತು ಒಂದು ನೀರಿನ ಬಾಟಲಿ, ಅಷ್ಟೇ. ಅಜ್ಜಿ ಫ್ರಿಜ್ಜಿನೊಳಗೆ ಒಮ್ಮೆ ಇಣುಕಿ, ಏನೂ ಹೇಳದೆ ಬೀದಿ ತುದಿಯ ಅಂಗಡಿ ಕಡೆ ಹೊರಟರು. ಹತ್ತು ಪರ್ಸೆಂಟ್ ಕಡಿಮೆ ಅಂತ ಬೋರ್ಡ್ ಹಾಕಿಕೊಂಡು ಖಾಲಿ ಫ್ರಿಜ್ ಮುಂದೆ ನಿಂತಿದ್ದೆನಲ್ಲ, ಆ ಸಂಕಟ ಹೇಳಲಾರೆ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ನಮ್ಮದು ಒಂದು ಕಾಲದಲ್ಲಿ ಆಲೆಮನೆ ಇದ್ದ ಮನೆ. ಅಪ್ಪ ನೆನೆಸಿಕೊಂಡು ಹೇಳಿದರು: "ನಿಮ್ ತಾತ ಗಾಡೀಲಿ ಬೆಲ್ಲ ಹೇರ್ಕಂಡು ಹೋಗೋರು ಕಣ್ಲಾ. ಒಂದು ಅಂಗ್ಡೀಲಿ ಒಂದು ರೇಟು ಹೇಳೋರು. ಬ್ಯಾಡ ಅಂತ ಮುಂದಿನ ಅಂಗ್ಡಿಗೆ ಹೋದ್ರೆ ಅಲ್ಲೂ ಅದೇ ರೇಟು. ಮೂರನೇದ್ರಲ್ಲೂ ಅದೇ. ಬೆಳಿಗ್ಗೆ ಟೀ ಕುಡಿಯೋವಾಗ್ಲೇ ಮಾತಾಡ್ಕಂಡಿರೋರು. ಗಾಡಿ ವಾಪಸ್ ತಿರುಗ್ಸೋಕಾಯ್ತದಾ? ಹಾಕ್ಬುಟ್ಟು ಬರೋರು."

ಸ್ಪರ್ಧಾ ಕಾನೂನು ಅಂದರೆ ಏನು ಅಂತ ಆಮೇಲೆ ನಾನು ಓದಿದ್ದು ಬಹಳ. ತಾತನ ಗಾಡಿಯ ಈ ಕಥೆಯಷ್ಟು ಚೆನ್ನಾಗಿ ಯಾವುದೂ ಅರ್ಥ ಮಾಡಿಸಲಿಲ್ಲ. ಮೂರು ಅಂಗಡಿ ಇದ್ದವು, ಆದರೂ ತಾತನಿಗೆ ಇದ್ದದ್ದು ಒಂದೇ ಅಂಗಡಿ.

ಗೆಳೆಯರೊಬ್ಬರು ಮೈಸೂರಿನ ವಕೀಲರೊಬ್ಬರ ಹತ್ತಿರ ಕಳಿಸಿದರು. ಚಾಮರಾಜಪುರಂನ ಹಳೇ ಮನೆ, ಮುಂದಿನ ಕೋಣೆಯಲ್ಲಿ ಆಫೀಸು. ಮೇಡಂ ನನ್ನ ಮಾತು ಅರ್ಧ ಗಂಟೆ ಕೇಳಿದರು. ಆಮೇಲೆ, "ಇದು ಆ್ಯಂಟಿಟ್ರಸ್ಟ್ ವಿಷಯ" ಅಂದರು. ನನಗೆ ಗೊತ್ತಿದ್ದ ಟ್ರಸ್ಟ್ ಅಂದರೆ ದೇವಸ್ಥಾನದ ಟ್ರಸ್ಟು, ಕಲ್ಯಾಣ ಮಂಟಪದ ಟ್ರಸ್ಟು. ಅದಕ್ಕೆ ವಿರೋಧ ಯಾಕೆ?

ಅವರು ಬಿಡಿಸಿ ಹೇಳಿದರು. ಅಮೆರಿಕದಲ್ಲಿ 1882ರಲ್ಲಿ ಸ್ಟ್ಯಾಂಡರ್ಡ್ ಆಯಿಲ್‌ಗೆ ಸೇರಿದ ಹಲವು ಕಂಪನಿಗಳ ಷೇರುದಾರರು ತಮ್ಮ ಷೇರುಗಳನ್ನೆಲ್ಲ ಒಂಬತ್ತು ಜನ ಟ್ರಸ್ಟಿಗಳ ಕೈಗೆ ಒಪ್ಪಿಸಿದರು. ಹೊರಗೆ ನೋಡಿದರೆ ಬೇರೆ ಬೇರೆ ಕಂಪನಿಗಳು. ಒಳಗೆ ತೀರ್ಮಾನ ಮಾಡುವವರು ಅದೇ ಒಂಬತ್ತು ಜನ. ಸಕ್ಕರೆ, ವಿಸ್ಕಿಯಂಥ ಬೇರೆ ಉದ್ಯಮಗಳೂ ಇದೇ ದಾರಿ ಹಿಡಿದವು. ಜನ ಸಿಟ್ಟಿಗೆದ್ದರು. 1890ರಲ್ಲಿ ಶರ್ಮನ್ ಕಾಯ್ದೆ ಬಂತು. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಟ್ಯಾಂಡರ್ಡ್ ಆಯಿಲ್ 34 ಕಂಪನಿಗಳಾಗಿ ಒಡೆಯಿತು. ಟ್ರಸ್ಟುಗಳು ಹೋದವು, ಹೆಸರು ಉಳಿಯಿತು. ನಮ್ಮಲ್ಲಿ ಅದನ್ನು ಸ್ಪರ್ಧಾ ಕಾಯ್ದೆ ಅಂತ ಕರೆಯುತ್ತೇವೆ. ಸ್ಪರ್ಧೆ ಅನ್ನೋ ಹೆಸರೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತೆ. ಯಾವುದರ ವಿರುದ್ಧ ಅನ್ನೋದಕ್ಕಿಂತ ಯಾವುದನ್ನು ಉಳಿಸಬೇಕು ಅಂತ ಅದು ಹೇಳುತ್ತೆ.

ನಾನು ಬರೆದುಕೊಂಡು ಹೋಗಿದ್ದ ಏಳು ಪುಟಗಳ ದೂರನ್ನು ಮೇಡಂ ಪೆನ್ನು ಹಿಡಿದು ಓದಿದರು. "ನನಗೆ ಅನ್ಯಾಯವಾಗಿದೆ" ಅಂತ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಗೆರೆ ಎಳೆದರು. ಏಳು ಪುಟ ಒಂದೂವರೆ ಪುಟವಾಯಿತು. ನನಗೆ ಬೇಜಾರಾಯಿತು. ಎಷ್ಟು ಕಷ್ಟಪಟ್ಟು ಬರೆದಿದ್ದೆ!

ಆಗ ಅವರು ಕಾಯ್ದೆಯ ಪುಸ್ತಕ ನನ್ನ ಕಡೆ ತಿರುಗಿಸಿ, ಸೆಕ್ಷನ್ 18 ತೋರಿಸಿ, ಜೋರಾಗಿ ಓದಿ ಅಂದರು. ಆಯೋಗದ ಕರ್ತವ್ಯ ಏನು ಅಂತ ಅಲ್ಲಿದೆ. ಸ್ಪರ್ಧೆಗೆ ಹಾನಿ ಮಾಡುವ ಪದ್ಧತಿಗಳನ್ನು ತೊಡೆದು ಹಾಕುವುದು. ಸ್ಪರ್ಧೆಯನ್ನು ಬೆಳೆಸುವುದು, ಉಳಿಸುವುದು. ಗ್ರಾಹಕರ ಹಿತ ಕಾಯುವುದು. ಮಾರುಕಟ್ಟೆಯಲ್ಲಿ ಎಲ್ಲರಿಗೂ ವ್ಯಾಪಾರ ಮಾಡುವ ಸ್ವಾತಂತ್ರ್ಯ ಇರುವಂತೆ ನೋಡಿಕೊಳ್ಳುವುದು.

"ಇದರಲ್ಲಿ ನಿಮ್ಮ ಅಂಗಡಿಯ ಲಾಭ ನಷ್ಟದ ಮಾತು ಎಲ್ಲಾದರೂ ಇದೆಯಾ?" ಅಂತ ಕೇಳಿದರು.

ಇರಲಿಲ್ಲ.

"ನೀವು ಆಯೋಗಕ್ಕೆ ಕೊಡೋದಕ್ಕೆ ಕಾಯ್ದೆಯಲ್ಲಿ ದೂರು ಅಂತ ಹೆಸರಿಲ್ಲ, ಮಾಹಿತಿ ಅಂತಿದೆ. ಮೊದಲು ದೂರು ಅಂತಲೇ ಇತ್ತು, 2007ರ ತಿದ್ದುಪಡಿಯಲ್ಲಿ ಬದಲಾಯಿತು. ನೀವು ಮಾಹಿತಿದಾರ. ಸಂತೆಯಲ್ಲಿ ಏನು ನಡೀತಿದೆ ಅಂತ ಹೇಳೋರು. ನಿಮ್ಮ ನಷ್ಟ ತುಂಬಿಕೊಡಿ ಅಂತ ಕೇಳೋದಕ್ಕೆ ಬೇರೆ ದಾರಿ ಇದೆ, ಅದು ಆಮೇಲೆ ಮೇಲ್ಮನವಿ ನ್ಯಾಯಮಂಡಳಿ ಮುಂದೆ. ಈಗ ನನಗೆ ಹೇಳಿ, ಆ ಅಜ್ಜಿ ಎಷ್ಟು ದೂರ ನಡೆದರು? ಎಷ್ಟು ಜಾಸ್ತಿ ಕೊಟ್ಟರು?"

ಮಂಡ್ಯಕ್ಕೆ ವಾಪಸ್ ಬರುವಾಗ ರೈಲಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ನನಗೆ ಮಾಲು ಸಿಗಲಿಲ್ಲ ಅನ್ನೋದನ್ನೇ ಇಷ್ಟು ದಿನ ಎದೆಗೆ ಹಚ್ಚಿಕೊಂಡಿದ್ದೆ. ಅಜ್ಜಿ ಕೊಟ್ಟ ಹೆಚ್ಚಿನ ದುಡ್ಡಿನ ಲೆಕ್ಕ ನಾನು ಹಾಕಿಯೇ ಇರಲಿಲ್ಲ.

ಮುಂದಿನ ಆರು ವಾರ ಒಂದು ನೂರು ಪುಟದ ನೋಟ್ ಬುಕ್ ಇಟ್ಟೆ. ಯಾರು ಬಂದರು, ಏನು ಕೇಳಿದರು, ನನ್ನಲ್ಲಿ ಇತ್ತಾ, ಇಲ್ಲದಿದ್ದರೆ ಎಲ್ಲಿಗೆ ಹೋದರು. ಹೆಸರು ಬರೆಯಲಿಲ್ಲ, ಬರೀ ಬೀದಿ ಮತ್ತು ಔಷಧಿ. ಒಬ್ಬರು ನಿವೃತ್ತ ಮೇಷ್ಟ್ರು ತಿಂಗಳಿಗೆ 1,840 ರೂಪಾಯಿ ಔಷಧಿ ಕೊಳ್ಳುತ್ತಿದ್ದರು. ನನ್ನ ಲೆಕ್ಕದಲ್ಲಿ ಅವರಿಗೆ 184 ರೂಪಾಯಿ ಉಳಿಯುತ್ತಿತ್ತು. ವರ್ಷಕ್ಕೆ 2,208. ಅವರು ಆ ಲೆಕ್ಕದ ಹಾಳೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ಒಂದು ತಿಂಗಳ ಔಷಧಿ ಬಿಟ್ಟಿ ಬಂದಂಗಾಯ್ತಲ್ಲಪ್ಪ" ಅಂದರು. ಕಾನೂನಿನ ಪುಸ್ತಕದಲ್ಲಿ ಗ್ರಾಹಕರ ಹಿತ ಅಂತ ಓದಿದ್ದು ನನಗೆ ಆ ಮಾತಿನಲ್ಲಿ ಕಣ್ಣಿಗೆ ಕಂಡಿತು.

ಸಾಕ್ಷಿ ಸೇರಿಸುವುದೇ ದೊಡ್ಡ ಕೆಲಸವಾಯಿತು. ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಯಾರೂ ಬರೆದು ಕೊಡುವುದಿಲ್ಲ. ಬರಹದಲ್ಲಿ ಏನೂ ಇಲ್ಲದಿದ್ದರೆ ಕೇಸು ಎಲ್ಲಿ ನಿಲ್ಲುತ್ತೆ ಅಂತ ನಾನು ಹೆದರಿದ್ದೆ. ಮೇಡಂ ಕಾಯ್ದೆಯ ವ್ಯಾಖ್ಯೆ ತೋರಿಸಿದರು. ಒಪ್ಪಂದ ಅಂದರೆ ಸಹಿ ಹಾಕಿದ ಕಾಗದವೇ ಆಗಬೇಕಿಲ್ಲ. ಒಳಗೊಳಗಿನ ಹೊಂದಾಣಿಕೆ ಇದ್ದರೂ ಸಾಕು, ಬಾಯಿಮಾತಿನ ತಿಳಿವಳಿಕೆ ಇದ್ದರೂ ಸಾಕು. ತಾತನ ಕಾಲದ ಬೆಲ್ಲದ ವ್ಯಾಪಾರಿಗಳು ಟೀ ಕುಡಿಯುತ್ತಾ ಮಾಡಿಕೊಂಡ ಮಾತೂ ಇದರಲ್ಲಿ ಬರುತ್ತೆ. ಒಂದೇ ಮಟ್ಟದ ವ್ಯಾಪಾರಿಗಳು ಸೇರಿ ಬೆಲೆ ಗೊತ್ತು ಮಾಡಿದರೆ, ಮಾಲು ಬರದಂತೆ ತಡೆದರೆ, ಇದು ನಿನ್ನ ಏರಿಯಾ ಅದು ನನ್ನ ಏರಿಯಾ ಅಂತ ಹಂಚಿಕೊಂಡರೆ, ಟೆಂಡರಿನಲ್ಲಿ ಒಳಸಂಚು ಮಾಡಿದರೆ, ಅದರಿಂದ ಸ್ಪರ್ಧೆಗೆ ಹಾನಿಯಾಗಿದೆ ಅಂತಲೇ ಸೆಕ್ಷನ್ 3 ಭಾವಿಸುತ್ತೆ. ಹಾನಿ ಇಲ್ಲ ಅಂತ ತೋರಿಸುವ ಹೊಣೆ ಅವರದು. ವ್ಯಾಪಾರಿಗಳ ಸಂಘಗಳಿಗೂ ಇದು ಅನ್ವಯಿಸುತ್ತೆ.

ಸಂಘ ಏನನ್ನೂ ಮಾರುವುದಿಲ್ಲವಲ್ಲ, ಅದರ ಮೇಲೆ ಹೇಗೆ ಅಂತ ನಾನು ಕೇಳಿದ್ದೆ. ಅದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ಕರ್ನಾಟಕದ್ದೇ. ಬೇರೆ ಭಾಷೆಯ ಸಿನಿಮಾ, ಸೀರಿಯಲ್‌ಗಳನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸದಂತೆ ತಡೆದದ್ದಕ್ಕೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತು ಇನ್ನೂ ಕೆಲವು ಸಂಘಗಳ ಮೇಲೆ ಕನ್ನಡ ಗ್ರಾಹಕರ ಕೂಟ ಆಯೋಗಕ್ಕೆ ಹೋಗಿತ್ತು. 2015ರಲ್ಲಿ ಆಯೋಗ ಅದನ್ನು ತಪ್ಪು ಅಂತ ಹೇಳಿ ದಂಡ ಹಾಕಿತು. ಈ ಸುದ್ದಿ ನನಗೆ ಗೊತ್ತಿತ್ತು. ಡಬ್ಬಿಂಗ್ ಬೇಕಾ ಬೇಡವಾ ಅಂತ ತಮ್ಮನ ಜೊತೆ ಊಟದ ಎಲೆ ಮುಂದೆ ಕೂತು ಜಗಳ ಆಡಿದ್ದೆ. ನಾನು ಬೇಡ ಅನ್ನುವ ಪಕ್ಷ. ಅದು ಸ್ಪರ್ಧಾ ಕಾನೂನಿನ ಕೇಸು ಅಂತ ಮಾತ್ರ ಗೊತ್ತಿರಲಿಲ್ಲ. ಮೇಡಂ ಹೇಳಿದ್ದು ಇಷ್ಟು: ಡಬ್ಬಿಂಗ್ ಒಳ್ಳೆಯದಾ ಕೆಟ್ಟದ್ದಾ ಅನ್ನೋದು ಬೇರೆ ಚರ್ಚೆ. ಬೇಡ ಅನ್ನುವವರು ಬೇಡ ಅಂತ ಕೂಗಬಹುದು, ನೋಡದೇ ಇರಬಹುದು. ಆದರೆ ಥಿಯೇಟರ್ ಸಿಗದಂತೆ ಎಲ್ಲರೂ ಸೇರಿ ಮಾಡಿದರೆ, ನೋಡಬೇಕು ಅನ್ನುವವನಿಗೆ ಬಾಗಿಲೇ ಇರುವುದಿಲ್ಲ. ಡಬ್ಬಿಂಗ್ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಪೂರ್ತಿ ಬದಲಾಗಿಲ್ಲ. ಬಾಗಿಲು ಮುಚ್ಚುವುದರ ಬಗ್ಗೆ ಬದಲಾಗಿದೆ.

ಔಷಧಿ ಅಂಗಡಿಗಳ ವಿಷಯದಲ್ಲೂ ಆಯೋಗ ಹಿಂದೆಯೇ ಮಾತಾಡಿತ್ತು. 2012ರಲ್ಲಿ ಗೋವಾದ ಔಷಧ ವ್ಯಾಪಾರಿಗಳ ಸಂಘದ ವಿರುದ್ಧ ಆದೇಶ ಬಂದಿದೆ. ಆಮೇಲೆ ಬೇರೆ ಕಡೆಯ ಸಂಘಗಳ ಮೇಲೂ ಬಂದಿದೆ. ಎನ್‌ಒಸಿ ಇಲ್ಲದೆ ಮಾಲು ಕೊಡಬೇಡಿ ಅನ್ನುವುದು ಸ್ಪರ್ಧೆಗೆ ಅಡ್ಡಿ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಇದರ ಜೊತೆಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶವೂ ಇದೆ. ಸರಿಯಾದ ಕಾರಣ ಇಲ್ಲದೆ ತಯಾರಕರಾಗಲಿ ವಿತರಕರಾಗಲಿ ಅಂಗಡಿಯವರಿಗೆ ಔಷಧಿ ಕೊಡಲ್ಲ ಅನ್ನುವಂತಿಲ್ಲ ಅಂತ ಅದರ 28ನೇ ಪ್ಯಾರಾ ಹೇಳುತ್ತೆ. ಎಲ್ಲ ಇದ್ದೂ ನನ್ನ ಫ್ರಿಜ್ ಖಾಲಿ ಇತ್ತು.

ಮೇಡಂ ಒಂದು ಉಪಾಯ ಹೇಳಿದರು. ಐದೂ ಸ್ಟಾಕಿಸ್ಟ್‌ಗಳಿಗೆ ರಿಜಿಸ್ಟರ್ ಪೋಸ್ಟ್‌ನಲ್ಲಿ ಒಂದೊಂದು ಪತ್ರ ಹಾಕಿ. ಬೈಯಬೇಡಿ. ಲೈಸೆನ್ಸ್ ನಂಬರ್, ಬೇಕಾದ ಮಾಲಿನ ಪಟ್ಟಿ, ಮುಂಗಡ ಹಣ ಕೊಡಲು ಸಿದ್ಧ ಅನ್ನುವ ಮಾತು. ಕೊನೆಗೆ ಒಂದೇ ಪ್ರಶ್ನೆ: ಮಾಲು ಕೊಡದಿದ್ದರೆ ಕಾರಣ ಏನು, ದಯವಿಟ್ಟು ಬರೆದು ತಿಳಿಸಿ. ನಾಲ್ಕು ಜನರಿಂದ ಉತ್ತರ ಇಲ್ಲ. ಒಬ್ಬರ ಅಕೌಂಟೆಂಟ್ ನನ್ನದೇ ಪಟ್ಟಿಯ ಮೇಲೆ ಕೆಂಪು ಇಂಕಿನಲ್ಲಿ "ಸಂಘದ ಎನ್‌ಒಸಿ ಲಗತ್ತಿಸಿ" ಅಂತ ಬರೆದು, ಸೀಲು ಒತ್ತಿ ವಾಪಸ್ ಕಳಿಸಿದ್ದರು. ಸೀಲಿನ ಅಂಚು ಒಂದು ಕಡೆ ಮಸುಕಾಗಿತ್ತು. ಆ ಹಾಳೆಯನ್ನು ನಾನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನಲ್ಲಿ ಲೈಸೆನ್ಸ್ ಪಕ್ಕದಲ್ಲೇ ಇಟ್ಟೆ.

ಪತ್ರ ಹಾಕಿ ಎರಡು ವಾರಕ್ಕೆ ಸಂಘದ ಹಿರಿಯರೊಬ್ಬರು ಅಂಗಡಿಗೆ ಬಂದರು. ಅವರನ್ನು ಕೆಟ್ಟವರು ಅಂತ ಬರೆಯಲು ನನ್ನ ಕೈ ಬರುವುದಿಲ್ಲ. ನನಗಿಂತ ಮೂವತ್ತು ವರ್ಷ ದೊಡ್ಡವರು. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೂ ಎದ್ದು ಬಂದು ಔಷಧಿ ಕೊಟ್ಟವರು ಅಂತ ಊರಿಗೇ ಗೊತ್ತು. ಸ್ಟೂಲ್ ಮೇಲೆ ಕೂತು ನಿಧಾನವಾಗಿ ಮಾತಾಡಿದರು.

"ನೋಡಪ್ಪಾ, ದೊಡ್ಡ ದೊಡ್ಡ ಕಂಪನಿಯೋರು ಚೈನ್ ಅಂಗಡಿ ಹಾಕ್ತಾವ್ರೆ. ಫೋನಲ್ಲಿ ಆರ್ಡರ್ ಮಾಡಿದ್ರೆ ಇಪ್ಪತ್ತೈದು ಪರ್ಸೆಂಟ್ ಬಿಡ್ತಾರಂತೆ. ನಾವ್ನಾವೇ ರೇಟು ಇಳಿಸ್ಕಂಡು ಕಿತ್ತಾಡಿದ್ರೆ ಉಳಿಯೋದು ಯಾರು? ಸಂಘ ಇರೋದೇ ಸಣ್ಣೋರು ಬದುಕ್ಲಿ ಅಂತ. ನೀನು ಬಾ, ಮೆಂಬರ್ ಆಗು. ನಿನ್ ಪತ್ರ ನಾನು ಮಾಡಿಸ್ಕೊಡ್ತೀನಿ. ಆ ಬೋರ್ಡ್ ಒಂದು ಇಳಿಸು."

ಅವರ ಭಯ ಸುಳ್ಳಲ್ಲ. ನನಗೂ ಅದೇ ಭಯ ಇದೆ. ಸಂಘ ಬೇಡ ಅಂತಲೂ ನಾನು ಹೇಳುವುದಿಲ್ಲ. ಹೊಸ ನಿಯಮ ಬಂದಾಗ ತಿಳಿಸಲಿ, ಜಿಎಸ್‌ಟಿ ಕಟ್ಟುವುದು ಕಲಿಸಲಿ, ಸರ್ಕಾರದ ಮುಂದೆ ನಮ್ಮ ಪರ ಮಾತಾಡಲಿ. ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ಯಾರು ಅಂಗಡಿ ಇಡಬೇಕು, ಎಷ್ಟಕ್ಕೆ ಮಾರಬೇಕು ಅಂತ ಗೊತ್ತು ಮಾಡಲು ಹೊರಟರೆ ಅಲ್ಲಿ ಕಾನೂನು ಅಡ್ಡ ನಿಲ್ಲುತ್ತೆ. ದೊಡ್ಡ ಕಂಪನಿಗಳು ನಮ್ಮನ್ನು ಮುಗಿಸಬೇಕು ಅಂತಲೇ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದರೆ ಅದಕ್ಕೂ ಇದೇ ಕಾಯ್ದೆಯಲ್ಲಿ ದಾರಿ ಇದೆ. ಮಾರುಕಟ್ಟೆಯಲ್ಲಿ ಪ್ರಬಲರಾದವರು ಆ ಬಲ ದುರುಪಯೋಗ ಮಾಡುವಂತಿಲ್ಲ ಅಂತ ಸೆಕ್ಷನ್ 4 ಹೇಳುತ್ತೆ. ಏಕಸ್ವಾಮ್ಯ ತಡೆಯಲು ತಂದಿದ್ದ 1969ರ ಹಳೇ ಎಂಆರ್‌ಟಿಪಿ ಕಾಯ್ದೆಗೆ ಕಂಪನಿ ದೊಡ್ಡದಾಗುವುದರ ಮೇಲೇ ಕಣ್ಣಿತ್ತು. 2002ರ ಈ ಸ್ಪರ್ಧಾ ಕಾಯ್ದೆ ಹಾಗಲ್ಲ. ಚೆನ್ನಾಗಿ ವ್ಯಾಪಾರ ಮಾಡಿ ದೊಡ್ಡವರಾದರೆ ಅದು ತಪ್ಪಲ್ಲ. ದೊಡ್ಡವರಾದ ಮೇಲೆ ಏನು ಮಾಡುತ್ತೀರಿ ಅಂತ ಅದು ನೋಡುತ್ತೆ. ಹಿರಿಯರಿಗೆ ಇದನ್ನು ನನಗೆ ತಿಳಿದಷ್ಟು ಹೇಳಿದೆ. ಅವರು ಪೂರ್ತಿ ಕೇಳಿದರು. "ನಿನ್ ಮಾತು ಸರಿ ಇರಬೌದು. ದೆಹಲಿಗೆ ಹೋಗೋಕೆ ನಮ್ಮಂಥೋರಿಗೆ ಆಯ್ತದಾ?" ಅಂತ ಕೇಳಿ ಎದ್ದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಂದು ಬೋರ್ಡ್ ಇಳಿಸಿದರೆ ನಾಳೆಯಿಂದ ಫ್ರಿಜ್ ತುಂಬುತ್ತೆ. ಬ್ಯಾಂಕಿನ ಕಂತು ಎರಡು ಬಾಕಿ ಇತ್ತು. ಹೆಂಡತಿ ಹೇಳಿದಳು: "ಪತ್ರ ತಗೊಳ್ಳಿ ಬೇಕಾದ್ರೆ. ಆದ್ರೆ ಮುಂದೆ ಒಬ್ಬ ಹೊಸಬ ಬಂದಾಗ, ಅವನಿಗೆ ನಿಮ್ಮ ಒಪ್ಪಿಗೆ ಬೇಕು ಅಂತ ಸಂಘದೋರು ನಿಮ್ಮನ್ನೇ ಕೇಳ್ತಾರೆ. ಆಗ ಏನು ಹೇಳ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬೋರ್ಡ್ ಇಳಿಸಲಿಲ್ಲ.

ಆಮೇಲಿನ ತಿಂಗಳಲ್ಲಿ ನಾನು ಎಣಿಸದೇ ಇದ್ದದ್ದು ನಡೆಯಿತು. ಐವರಲ್ಲಿ ಇಬ್ಬರು ಸ್ಟಾಕಿಸ್ಟ್‌ಗಳು ಮಾಲು ಕೊಡಲು ಶುರು ಮಾಡಿದರು. ಏನೂ ಹೇಳಲಿಲ್ಲ, ಸುಮ್ನೆ ಬಿಲ್ ಹಾಕಿದರು. ಅವರ ವಕೀಲರು ಯಾರೋ ಕಾಯ್ದೆ ಓದಿ ಹೇಳಿರಬೇಕು. ಫ್ರಿಜ್ ಅರ್ಧ ತುಂಬಿತು. ಅಜ್ಜಿ ಇನ್ಸುಲಿನ್ ಒಯ್ದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಅದೇ ಸಮಯಕ್ಕೆ ಪಾಂಡವಪುರದ ಕಡೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಡಿ.ಫಾರ್ಮ ಮುಗಿಸಿ ತಂದೆಯ ದುಡ್ಡಿನಲ್ಲಿ ಅಂಗಡಿ ಇಡುತ್ತಿದ್ದಾಳೆ. "ಅಣ್ಣ, ನಿಮಗೆ ಪತ್ರ ಇಲ್ಲದೇ ಮಾಲು ಬರ್ತಿದೆಯಂತೆ, ಹೌದಾ? ನನಗೆ ಕೊಡಲ್ಲ ಅಂತಿದ್ದಾರೆ." ನನಗೆ ಸಿಕ್ಕಿದ್ದು ನನಗೆ ಮಾತ್ರ ಸಿಕ್ಕಿತ್ತು. ಬಾಗಿಲಲ್ಲಿ ಒಂದು ಸಂದು ಬಿಟ್ಟು ನನ್ನನ್ನು ಒಳಗೆ ಎಳೆದುಕೊಂಡು ಮತ್ತೆ ಚಿಲಕ ಹಾಕಿದ್ದರು.

ಮೇಡಂಗೆ ಫೋನ್ ಮಾಡಿ ಮಾಹಿತಿ ಸಲ್ಲಿಸೋಣ ಅಂದೆ. ಕೆಲವು ಸಂಗತಿ ಇಲ್ಲಿ ಹೇಳಿಬಿಡುತ್ತೇನೆ. ಒಬ್ಬ ವ್ಯಕ್ತಿಯಾಗಿ ಕೊಟ್ಟರೆ ಶುಲ್ಕ 5,000 ರೂಪಾಯಿ. ನಿಮಗೇ ನಷ್ಟ ಆಗಿರಬೇಕು ಅಂತೇನಿಲ್ಲ. ಯಾರು ಬೇಕಾದರೂ ಆಯೋಗಕ್ಕೆ ಮಾಹಿತಿ ಕೊಡಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2023ರ ತಿದ್ದುಪಡಿಯ ನಂತರ ಘಟನೆ ನಡೆದು 3 ವರ್ಷದೊಳಗೆ ಕೊಡಬೇಕು, ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಹೆಸರು ಗೋಪ್ಯವಾಗಿಡಿ ಅಂತ ಕೇಳಿಕೊಳ್ಳಬಹುದು. ನಾನು ಕೇಳಲಿಲ್ಲ. ಮಂಡ್ಯದಲ್ಲಿ ಆ ಕೆಂಪು ಇಂಕಿನ ಹಾಳೆ ನೋಡಿದ ಕೂಡಲೇ ಯಾರದ್ದು ಅಂತ ಗೊತ್ತಾಗುತ್ತೆ. ಹುಡುಗಿಯ ಹೇಳಿಕೆಗೆ ಮಾತ್ರ ಗೋಪ್ಯತೆ ಕೇಳಿದೆವು.

ಮೇಲುನೋಟಕ್ಕೆ ತಪ್ಪು ಕಂಡರೆ ಆಯೋಗ ತನ್ನ ಮಹಾನಿರ್ದೇಶಕರಿಗೆ ತನಿಖೆ ಮಾಡಲು ಹೇಳುತ್ತೆ. ಕಾಣದಿದ್ದರೆ ಅಲ್ಲೇ ಮುಗಿಸುತ್ತೆ. ತನಿಖೆಯಾಗಿ ತಪ್ಪು ಸಾಬೀತಾದರೆ, ಇದನ್ನು ನಿಲ್ಲಿಸಿ ಅಂತ ಆದೇಶ ಕೊಡಬಹುದು, ದಂಡ ಹಾಕಬಹುದು. ಅದರ ಮೇಲೆ ಮೇಲ್ಮನವಿ ಇದೆ, ಆಮೇಲೆ ಸುಪ್ರೀಂ ಕೋರ್ಟ್ ಇದೆ. ವರ್ಷಗಳು ಹಿಡಿಯಬಹುದು ಅಂತ ಮೇಡಂ ಮೊದಲೇ ಹೇಳಿದ್ದಾರೆ.

ಕನ್ನಡದ ಪತ್ರಗಳಿಗೆಲ್ಲ ಇಂಗ್ಲಿಷ್ ಅನುವಾದ ಮಾಡಿಸಿದೆವು. ನೋಟ್ ಬುಕ್ಕಿನ ಆರು ವಾರದ ಲೆಕ್ಕವನ್ನು ಹೆಂಡತಿ ಪಟ್ಟಿ ಮಾಡಿ ಟೈಪ್ ಮಾಡಿದಳು. ಅಂಗಡಿ ಮುಚ್ಚಿದ ಮೇಲೆ ಕೌಂಟರ್ ಗಾಜಿನ ಮೇಲೆ ಹಾಳೆ ಹರಡಿ, ಒಂದೊಂದಕ್ಕೂ ನಂಬರ್ ಹಾಕಿ ಜೋಡಿಸಿದೆವು. 118 ಪುಟ. ಮೊದಲ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಮಾಹಿತಿದಾರ ಅಂತ ಇತ್ತು. ಮೊದಲ ಪ್ಯಾರಾದಲ್ಲಿ ನನ್ನ ವಿಷಯ ಇರಲಿಲ್ಲ. ಮಂಡ್ಯದಲ್ಲಿ ಔಷಧಿ ಅಂಗಡಿ ಇಡಲು ಕಾನೂನು ಏನು ಕೇಳುತ್ತೆ, ಮಾರುಕಟ್ಟೆ ಏನು ಕೇಳುತ್ತಿದೆ ಅನ್ನೋದರಿಂದ ಅದು ಶುರುವಾಗುತ್ತಿತ್ತು.

ಅದನ್ನು ಕಳಿಸಿ ಈಗ ನಾಲ್ಕು ತಿಂಗಳಾಗಿದೆ. ಒಂದು ಸಲ ಕೆಲವು ಕೊರತೆಗಳಿವೆ, ಸರಿಪಡಿಸಿ ಅಂತ ಬಂತು. ಸರಿಪಡಿಸಿ ಕಳಿಸಿದೆವು. ಈಗ ಕಾಯುತ್ತಿದ್ದೇನೆ. ಇಬ್ಬರು ಸ್ಟಾಕಿಸ್ಟ್‌ಗಳು ಕೊಡುತ್ತಿದ್ದಾರೆ, ಮೂವರು ಇನ್ನೂ ಇಲ್ಲ. ಹಿರಿಯರು ಸಿಕ್ಕಾಗ ಮಾತಾಡಿಸುತ್ತಾರೆ, ಮೊದಲಿನಂತೆ ಅಂಗಡಿಗೆ ಬಂದು ಕೂರುವುದಿಲ್ಲ. ಅದೊಂದು ನೋವಿದೆ.

ನಿನ್ನೆ ಸಂಜೆ ಪಾಂಡವಪುರದ ಹುಡುಗಿ ಮತ್ತೆ ಫೋನ್ ಮಾಡಿದ್ದಳು. ಅವಳ ಫ್ರಿಜ್ ಬಂದಿದೆಯಂತೆ, ಇನ್ಸ್‌ಪೆಕ್ಷನ್ನೂ ಮುಗಿದಿದೆಯಂತೆ. "ಅಣ್ಣ, ಸ್ಟಾಕಿಸ್ಟ್‌ಗೆ ನೀವು ಮೊದಲು ಬರೆದ ಪತ್ರ ಇದೆಯಲ್ಲ, ಅದರ ಕೊನೇ ಸಾಲು ಹೇಗಿತ್ತು?" ಅಂದಳು. ಬೀರು ತೆಗೆದು, ಫೈಲ್ ಬಿಚ್ಚಿ, ಆ ಪುಟದ ಫೋಟೋ ತೆಗೆದು ಕಳಿಸಿದೆ.